ಬೈರಿದೇವರಕೊಪ್ಪದ ಪರೀಕ್ಷಾ ಕೇಂದ್ರ

ಟ್ಯೂಷನ್ ಹೇಳುವವನಿಗೆ ನಗುವಿಗೆಂದೂ ಬರಗಾಲವಿಲ್ಲ. ವಿದ್ಯಾರ್ಥಿಗಳು ಸುಮ್ಮನಿದ್ದರೆ ಅವರ ಮನೆಯವರು ಆ ಕೊರತೆ ತುಂಬಿಕೊಡುತ್ತಾರೆ. ಎರಡು ಸಾವಿರದ ದಶಕದಲ್ಲಿ ನಾನು ಗೋಪನಕೊಪ್ಪದ ಒಂದು ಬಾಡಿಗೆ ಕೋಣೆಯಲ್ಲಿ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಪಾಠ ಹೇಳುತ್ತಿದ್ದೆ. ಅಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗಿ ಭಾರೀ ಜಾಣೆ. ಆದರೆ ಹಿಂದಿನ ವರ್ಷ ಪರೀಕ್ಷಾ ಕೋಣೆಯಲ್ಲಿ ಕೈ ಎಷ್ಟು ನಡುಗಿತ್ತೆಂದರೆ, ಉತ್ತರದ ವೃತ್ತ ತುಂಬಲು ಹೋಗಿ ಹಾಳೆಯನ್ನೇ ಹರಿದು ಬಂದಿದ್ದಳು. "ಇದೊಂದ ಸಲ ನೋಡ್ತೇನ್ರಿ ಸರ. ಆಗಲಿಲ್ಲಂದ್ರ ವಕೀಲಕಿ ಆಸೆ ಬಿಟ್ಟಬಿಡ್ತೇನಿ" ಎಂದಳು. ಹಾಗೆ ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

ಅವಳ ಅಪ್ಪ ಬೈರಿದೇವರಕೊಪ್ಪದ ಕಾಳಿನ ವ್ಯಾಪಾರಿ, ಏಳನೆಯ ಇಯತ್ತೆಯವರೆಗೆ ಓದಿದವರು. ಅವರನ್ನು ಕರೆದು, "ಪ್ರತಿ ರವಿವಾರ ಮನೆಯಲ್ಲೇ ಥೇಟ್ ಪರೀಕ್ಷೆಯ ಹಾಗೆ ಬರೆಸಿರಿ, ಹೆದರಿಕೆ ಹೋಗುತ್ತದೆ" ಎಂದೆ. 'ಥೇಟ್' ಎಂಬ ಮಾತನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು.

೧. ಗೇಟು

ಪರೀಕ್ಷೆ ಮೂರಕ್ಕೆ, ಗೇಟು ಬಂದಾಗುವುದು ಎರಡೂವರೆಗೆ. ಗೇಟಿನ ಜವಾಬ್ದಾರಿ ಅಜ್ಜಿಯದು. ಒಂದು ರವಿವಾರ ನಾನು ಹೋದಾಗ ಅಪ್ಪ ಎದುರುಮನೆಯ ಕಟ್ಟೆಯ ಮೇಲೆ ಕೂತಿದ್ದರು. ಅಂಗಡಿಯಿಂದ ಬರುವುದು ಐದು ನಿಮಿಷ ತಡವಾಗಿತ್ತಂತೆ. "ಅವ್ವಾ, ನಾ ನಿನ್ನ ಮಗ, ಇನ್ನೂ ಊಟ ಆಗಿಲ್ಲ" ಎಂದರೆ ಅಜ್ಜಿ ಸರಳಿನೊಳಗಿಂದ, "ಹಾಲ್ ಟಿಕೆಟ್ ಎಲ್ಲೈತಿ?" ಎಂದು ಕೇಳಿದ್ದರಂತೆ.

ಸಿಟ್ಟು ಬಂದಿರಬೇಕೆಂದು ನಾನು ಸಮಾಧಾನ ಹೇಳಹೊರಟೆ. ಅವರು ಹೆಮ್ಮೆಯಿಂದ, "ಹಸಿವಿ ಏನ್ ಬಿಡ್ರಿ ಸರ, ಸಂಜಿಕ ಉಣ್ಣಬಹುದು. ಇಂಥಾ ಗೇಟ್‌ಕೀಪರ್ ಯಾವ ಕಾಲೇಜಿನಾಗ ಅದಾರ ಹೇಳ್ರಿ!" ಎಂದರು.

೨. ಮೇಲ್ವಿಚಾರಕರು

ಮನೆಯವರೇ ಕಾವಲು ನಿಂತರೆ ಹೆದರಿಕೆ ಹುಟ್ಟುವುದಿಲ್ಲ. ಪರೀಕ್ಷೆ ಬರೆಯುವವಳ ತಲೆ ಸವರಿ, ಬಾಯಿಗೆ ಉಂಡಿ ಇಡುತ್ತಾರೆ. ಅದಕ್ಕೆ ಅಪ್ಪ ಹಿಂದಿನ ಓಣಿಯಿಂದ ಒಬ್ಬ ನಿವೃತ್ತ ಬಸ್ ಕಂಡಕ್ಟರನ್ನು ಕರೆತಂದರು. ಮೀಸೆ, ಗಂಟಲು, ನೋಟ ಎಲ್ಲ ಹೇಳಿ ಮಾಡಿಸಿದ ಹಾಗಿತ್ತು. ಮೊದಲನೆಯ ದಿನವೇ ಹುಡುಗಿ ಬೆವತಳು. ಅಪ್ಪ ಬಾಗಿಲ ಸಂದಿಯಿಂದ ನೋಡಿ, ಛಲೋ ಆತು ಎಂದು ಖುಷಿಪಟ್ಟರು.

ಆದರೆ ಮೂವತ್ತು ವರ್ಷದ ರೂಢಿ ಎಲ್ಲಿ ಬಿಟ್ಟೀತು? ಕೋಣೆಯಲ್ಲಿ ಪರೀಕ್ಷೆಗೆ ಕೂತವಳು ಅವಳೊಬ್ಬಳೇ. ಕಂಡಕ್ಟರು ಅವಳ ಹಾಲ್ ಟಿಕೆಟ್ಟಿನ ಮೂಲೆ ಹರಿದು ಕೈಗೆ ಕೊಟ್ಟು ಗುಡುಗಿದರು: "ಮುಂದ ಸರೀರಿ, ಮುಂದ ಸರೀರಿ, ಮುಂದ ಜಾಗಾ ಖಾಲಿ ಐತಿ!"

೩. ಬೆಂಚು

ಹಿಂದಿನ ವರ್ಷದ ಬೆಂಚು ಅಲ್ಲಾಡುತ್ತಿತ್ತೆಂದು ಮಗಳು ಹೇಳಿದ್ದೇ ತಡ, ಅಪ್ಪ ಹಳೆಯದೊಂದು ಬೆಂಚು ಕೊಂಡು ತಂದರು. ದುರ್ದೈವಕ್ಕೆ ಅದು ಕಲ್ಲಿನಷ್ಟು ಗಟ್ಟಿ. ಬಡಿಗನನ್ನು ಕರೆಸಿ, ಒಂದು ಕಾಲು ಅರ್ಧ ಇಂಚು ಕೊಯ್ಯಲು ಹೇಳಿದರು. ಬಡಿಗ ಬೆಂಚು ನೋಡಿದ, ಇವರ ಮುಖ ನೋಡಿದ, ಗರಗಸ ಚೀಲಕ್ಕೆ ಹಾಕಿದ. "ಅಲ್ಲಾಡೋದನ್ನ ಸರಿ ಮಾಡಾಕ ಕರೀರಿ, ಬರ್ತೇನಿ. ಸರಿ ಇದ್ದದ್ದನ್ನ ಕೆಡಸಾಕ ನನಗ ಬರಂಗಿಲ್ರಿ. ಅದನ್ನ ನೀವs ಮಾಡ್ಕೋರಿ."

ಅಪ್ಪ ಖರೇನೇ ತಾವೇ ಮಾಡಿಕೊಂಡರು. ಆ ಡುಗುಡುಗು ಬೆಂಚಿನ ಮೇಲೆ ಹುಡುಗಿ ಮೊದಲ ವಾರ ಮೂರು ಹಾಳೆ ಹರಿದಳು. ಎರಡು ತಿಂಗಳಾಗುವಷ್ಟರಲ್ಲಿ ಬೆಂಚು ಅಲ್ಲಾಡುತ್ತಿತ್ತು, ಅವಳ ಕೈ ಅಲ್ಲಾಡುತ್ತಿರಲಿಲ್ಲ. ಪಾಠ ಹೇಳುವವನು ನಾನು, ಕಲಿಸಿದವರು ಅವರು. ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

೪. ಖರೇ ಪರೀಕ್ಷೆ

ಮನೆಯಲ್ಲಿ ಇಪ್ಪತ್ತೊಂಬತ್ತು ರವಿವಾರ ಬರೆದದ್ದಾಯಿತು. ಖರೇ ಪರೀಕ್ಷೆಯ ಕೇಂದ್ರ ಧಾರವಾಡದಲ್ಲಿ. ಅಪ್ಪ ಮತ್ತು ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆವು. ಎರಡು ತಾಸು ಅವರು ನೀರೂ ಕುಡಿಯಲಿಲ್ಲ. ಹುಡುಗಿ ನಗುತ್ತ ಹೊರಗೆ ಬಂದಳು. "ಪೂರಾ ಬರದ್ಯಾ?" ಎಂದರೆ, "ಹತ್ತ ನಿಮಿಷ ಮೊದಲs ಮುಗೀತಪ್ಪಾ" ಎಂದಳು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸುವುದು ಬೇಗ ಮುಗಿಯಲಿಲ್ಲ. ಮುಂದೆ ಸೀಟೂ ಸಿಕ್ಕಿತು. ಆದರೆ ನಾವು ಗೆದ್ದದ್ದು ಆ ಮರದ ಕೆಳಗೇ.

ಅಷ್ಟರಲ್ಲಿ ಅವಳ ಕೋಣೆಯ ಮೇಲ್ವಿಚಾರಕ ನಮ್ಮನ್ನು ಹುಡುಕಿಕೊಂಡು ಬಂದ. ಎಳೆಯ ವಯಸ್ಸಿನ ಮೇಷ್ಟ್ರು, ಅವತ್ತೇ ಮೊದಲ ಡ್ಯೂಟಿಯಂತೆ. "ಪ್ರಶ್ನಪತ್ರಿಕಿ ಹಂಚಾಗ ನನ್ನ ಕೈ ನಡಗಾಕತ್ತಿದ್ವುರಿ. ನಿಮ್ಮ ಮಗಳs, 'ಗಾಬರಿ ಆಗಬ್ಯಾಡ್ರಿ ಸರ, ಮೊದಲ ಹಿಂಗs ಆಗತೈತಿ' ಅಂತ ಧೈರ್ಯ ಹೇಳಿದಳು. ಎಲ್ಲಿ ಸಹಿ ಮಾಡಬೇಕಂತನೂ ತೋರಿಸಿದಳು. ಈ ಪರೀಕ್ಷಾ ಎಷ್ಟನೇ ಸಲ ಬರದಾಳ್ರಿ?"

ಅಪ್ಪ ಎದೆಯುಬ್ಬಿಸಿ, "ಮೂವತ್ತೊಂದನೇ ಸಲ್ರಿ!" ಎಂದರು.

ಮೇಷ್ಟ್ರು ವರ್ಷಕ್ಕೊಂದರಂತೆ ಬೆರಳೆಣಿಸಿ ಲೆಕ್ಕ ಹಾಕಿದ. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಅವಳ ಹತ್ತಿರ ಬಂದು, ಮೆತ್ತಗಿನ ದನಿಯಲ್ಲಿ ಹೇಳಿದ:

"ಮದುವಿ ವಯಸ್ಸು ಮೀರಿದ್ರೂ ಛಲ ಬಿಟ್ಟಿಲ್ಲಲ್ರೀ ಅಕ್ಕಾರ... ಮೈ ಮಾತ್ರ ಭಾಳ ಛಲೋ ಕಾಯ್ಕೊಂಡೀರಿ!"