ಖಾಲಿ ಬಿಟ್ಟ ಕಾಲಮ್ಮು

ಪುಣೆಯ ಒಂದು ಕಾನೂನು ಕಾಲೇಜಿನಲ್ಲಿ ಹದಿನೇಳು ವರ್ಷದಿಂದ ಪ್ರಾಕ್ಟಿಕಲ್ ಪರೀಕ್ಷೆ ನನ್ನ ಕೊರಳಿಗೇ ಬಿದ್ದಿದೆ. ಹಾಗಾಗಿ ಮುಂದೆ ಹೇಳುವಂಥ ಪ್ರಸಂಗಗಳು ನನಗೆ ಯಾವ ವರ್ಷವೂ ತಪ್ಪುವುದಿಲ್ಲ. ಬರೀ ಪುಸ್ತಕ ಓದಿದವರು ವಕೀಲರಾಗಬಾರದು ಎನ್ನುವುದು ನಮ್ಮ ವೃತ್ತಿಯ ಮೇಲಿನ ಮಂಡಳಿಯ ನಿಯಮ. ವಿದ್ಯಾರ್ಥಿ ಅಣಕು ನ್ಯಾಯಾಲಯದಲ್ಲಿ ವಾದಿಸಬೇಕು, ಕಕ್ಷಿದಾರರ ಜೊತೆ ಮಾತಾಡಬೇಕು, ಕೋರ್ಟಿಗೆ ಹೋಗಿ ವಿಚಾರಣೆ ನೋಡಿ ಡೈರಿ ಬರೆಯಬೇಕು. ಎಲ್ಲಕ್ಕೂ ಅಂಕ. ಪೂರ್ಣಾವಧಿ ಪಾಠ ಮಾಡುವವರು ವಕೀಲಿ ಮಾಡಬಾರದು ಎನ್ನುವುದೂ ಅದೇ ಮಂಡಳಿಯ ನಿಯಮ. ಹೀಗಾಗಿ ಕೋರ್ಟಿನ ಕೆಲಸ ಕಲಿಸಿ ಅಂಕ ಹಾಕುವ ನಾನು ಕರಿ ಕೋಟು ಬಿಚ್ಚಿಟ್ಟು ಹದಿನೇಳು ವರ್ಷವಾಯಿತು.

೧. ಸ್ಲೈಡು

ಈ ವರ್ಷದ ಅಣಕು ನ್ಯಾಯಾಲಯದ ತಾಲೀಮು. ಅವತ್ತು ಬಂದ ಇಬ್ಬರೂ ಕನ್ನಡದವರು, ನಾನೂ ಕನ್ನಡದವನು, ಕನ್ನಡದಲ್ಲೇ ನಡೆಯಿತು. ನಾನೇ ನ್ಯಾಯಾಧೀಶ. ಅರ್ಜಿದಾರರ ಪರ ನಿಂತವನು ವಾಕಡ ಬಡಾವಣೆಯಲ್ಲಿರುವ ಮೈಸೂರಿನ ಯುವಕ. ಐಟಿ ನೌಕರಿ ಬಿಟ್ಟು ಬಂದಿದ್ದ, ಆದರೆ ಮೀಟಿಂಗು ಅವನನ್ನು ಬಿಟ್ಟಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಸ್ಲೈಡ್ ತೋರಿಸತೊಡಗಿದ.

"ನಿಮ್ಮ ಒಪ್ಪಂದಕ್ಕೆ ಸಹಿಯೇ ಇಲ್ಲವಲ್ಲ?" ಎಂದು ಕೇಳಿದೆ.

"ಗುಡ್ ಕ್ವೆಶ್ಚನ್, ಮೈ ಲಾರ್ಡ್. ಟೈಮ್ ಕಮ್ಮಿ ಇದೆ, ಇದನ್ನ ಮೀಟಿಂಗ್ ಮುಗಿದ ಮೇಲೆ ಆಫ್‌ಲೈನ್ ಮಾತಾಡೋಣ," ಎಂದ.

ಎದುರು ಪಕ್ಷಕ್ಕೆ ಹಡಪಸರ ಬಡಾವಣೆಯ ಹೆಣ್ಣುಮಗಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮನೆತನ. ಮೂವತ್ತು ದಾಟಿದ ಮೇಲೆ ಕಾನೂನು ಓದಲು ಬಂದಿದ್ದಳು. ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡು ಹೇಳಿದಳು, "ಮಹಾಸ್ವಾಮಿ, ಅವರು ಆಫ್‌ಲೈನ್ ಮಾತಾಡಿ ಮುಗಸೂತನ ನಮಗೊಂದು ತಾರೀಖು ಕೊಡ್ರಿ."

೨. ನನ್ನ ತಪ್ಪು

ಕಕ್ಷಿದಾರರ ಸಂದರ್ಶನಕ್ಕೆ ಉಳಿದವರೆಲ್ಲ ಗೆಳೆಯರನ್ನೇ ಕಕ್ಷಿದಾರರನ್ನಾಗಿ ಕೂರಿಸಿಕೊಂಡರು. ಹಡಪಸರದ ಈಕೆ ನಿಜವಾದ ಕಕ್ಷಿದಾರಳನ್ನೇ ಕರೆತಂದಳು. ಸ್ವಂತ ಸೋದರತ್ತೆ. ಅವರ ಶೆಡ್ಡಿನ ಬಾಗಿಲಿಗೆ ಬಿಲ್ಡರು ಪೈಪಿನ ರಾಶಿ ಹಾಕಿಸಿ ದಾರಿ ಮುಚ್ಚಿದ್ದ. ನಾನು ಅಂಕದ ಹಾಳೆ ಹಿಡಿದು ಮೂಲೆಯಲ್ಲಿ ಕೂತೆ.

ಅತ್ತೆ ಪೈಪಿನ ಕತೆ ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಇವರು ದೊಡ್ಡ ವಕೀಲರೇನ?"

"ಅಲ್ಲ ಅತ್ತಿ, ನಮ್ಮ ಸರ್. ನಮಗ ಕೋರ್ಟಿನ ಕೆಲಸ ಕಲಸ್ತಾರ. ಅವರು ಮಾತ್ರ ಕೋರ್ಟಿನ್ಯಾಗ ಕೇಸು ನಡಸಂಗಿಲ್ಲ, ಮ್ಯಾಲಿನವರ ನಿಯಮ ಅದ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದನಿ ಇಳಿಸಿ ಕೇಳಿದರು, "ಪಾಪ, ಏನು ತಪ್ಪು ಮಾಡಿದ್ರಂತ?"

೩. ಡೈರಿ

ಆಮೇಲೆ ಡೈರಿಗಳು ಬಂದವು. ಎಲ್ಲರ ಡೈರಿಯೂ ಭರ್ತಿಯಾಗಿತ್ತು. ಮೈಸೂರಿನವನ ಡೈರಿಯಲ್ಲಿ ಪಾಟೀಸವಾಲು ತಡೆಯಲಾರದೆ ಸಾಕ್ಷಿ ಬಿಕ್ಕಿ ಬಿಕ್ಕಿ ಅತ್ತಿದ್ದ. ಹಡಪಸರದಾಕೆ ಒಂದೇ ಕೇಸಿಗೆ ಆರು ದಿನ ಹೋಗಿದ್ದಳು, ಕೇಸಿನ ನಂಬರಿನ ಕೆಳಗೆ ಬರೆದದ್ದು ಇಷ್ಟೇ: 'ಮೊದಲನೇ ದಿನ: ಸಾಕ್ಷಿ ಬಂದಿದ್ದ, ಆರೋಪಿಯ ವಕೀಲರು ಬರಲಿಲ್ಲ. ತಾರೀಖು. ಎರಡನೇ ದಿನ: ಸಾಕ್ಷಿ ಬಂದಿದ್ದ, ವಕೀಲರು ಬರಲಿಲ್ಲ. ತಾರೀಖು. ಮೂರನೇ ದಿನ: ನ್ಯಾಯಾಧೀಶರು ರಜೆ. ತಾರೀಖು.' ಉಳಿದ ಮೂರು ದಿನವೂ ವಕೀಲರು ಬಂದಿರಲಿಲ್ಲ. 'ವಕೀಲರ ವಾದದ ವೈಖರಿ' ಎಂಬ ಕಾಲಮ್ಮು ಖಾಲಿ, ಪಕ್ಕದ ಅಂಚಿನಲ್ಲಿ ಮಾತ್ರ, 'ಇನ್ನೂ ನೋಡಿಲ್ಲ.'

ಮೂವತ್ತಕ್ಕೆ ಎಂಟು ಹಾಕಿದೆ. ಎಂಟಕ್ಕೆ ಪಾಸಾಗುವುದಿಲ್ಲ. ಹಡಪಸರದ ಒಬ್ಬ ವಕೀಲರು, ಈ ಸಲ ಪಾಸಾದರೆ ಜೂನಿಯರ್ ಆಗಿ ಬಾ, ಇಲ್ಲದಿದ್ದರೆ ಬೇರೆಯವರನ್ನು ತಗೊಳ್ಳುತ್ತೇನೆ ಎಂದು ಅವಳಿಗೆ ಹೇಳಿದ್ದು ನನಗೂ ಗೊತ್ತಿತ್ತು.

"ನೋಡವಾ, ನಾಳೆ ತಪಾಸಣೆಗೆ ಬಂದವರು ಕಾಲಮ್ ಯಾಕ ಖಾಲಿ ಅದ ಅಂತ ನನ್ನ ಕೇಳ್ತಾರ," ಎಂದೆ.

"ಆಗಿದ್ದು ಬರದೀನ್ರಿ ಸರ್. ಆಗಲಾರದ್ದು ಹ್ಯಾಂಗ ಬರೀಲಿ?"

ನನಗೆ ನಾಚಿಕೆಯಾಯಿತು. ಆದರೂ ಎಂಟನ್ನು ಎಂಟಾಗಿಯೇ ಬಿಟ್ಟೆ. ಮೂವತ್ತಕ್ಕೆ ಇಪ್ಪತ್ತೆಂಟು ಪಡೆದ ಮೈಸೂರಿನವನು ಯಾವ ಕೋರ್ಟಿಗೆ ಹೋಗಿದ್ದ ಎಂದು ಮಾತ್ರ ನಾನು ಕೇಳಲಿಲ್ಲ.

೪. ಹೊರಗಿನ ಪರೀಕ್ಷಕರು

ಮೌಖಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರಿರಬೇಕು, ಡೈರಿಗೂ ಅವರ ಅಂಕವೇ ಕೊನೆ. ಬಂದವರು ಕ್ರಿಮಿನಲ್ ಕೇಸುಗಳಲ್ಲಿ ಪಳಗಿದ ಹಿರಿಯ ವಕೀಲರು, ಸೋಲಾಪುರದ ಕಡೆಯವರು, ಮರಾಠಿಯಷ್ಟೇ ಸಲೀಸಾಗಿ ಕನ್ನಡ ಆಡುವವರು. ಹತ್ತೂವರೆಗೆ ಚಹಾ ಕುಡಿಯುತ್ತ ಡೈರಿ ತಿರುವತೊಡಗಿದರು.

ಮೈಸೂರಿನವನನ್ನು ಕೇಳಿದರು, "ಇದು ಯಾವ ಕೋರ್ಟಪಾ?"

"ಹಾಲ್ ನಂಬರ್ ನಾಲ್ಕು, ಸರ್."

"ಮೂವತ್ತು ವರ್ಷದಿಂದ ಅಲ್ಲೇ ಅದೀನಿ. ಇಷ್ಟು ಚಲೋ ನಡಿಯೂ ಕೋರ್ಟು ನಾ ಕಂಡಿಲ್ಲ. ನನ್ನ ಕೇಸೆಲ್ಲ ನಿನ್ನ ಡೈರಿಗೆ ವರ್ಗಾ ಮಾಡಿಸಿಬಿಡ್ತೀನಿ."

ಆಮೇಲೆ ಹಡಪಸರದಾಕೆಯನ್ನು ಎದುರಿಗೆ ಕರೆದು ಅವಳ ಡೈರಿ ತೆರೆದರು. ಮೊದಲ ಪುಟಕ್ಕೆ ನಕ್ಕರು, ಎರಡನೆಯದಕ್ಕೆ ಜೋರಾಗಿ ನಕ್ಕರು. "ಸರ್, ಇಷ್ಟು ಮಂದಿಯೊಳಗ ಕೋರ್ಟಿಗೆ ಹೋಗಿ ಬಂದಾಕಿ ಇಕಿ ಒಬ್ಬಾಕಿ," ಎಂದು ನನ್ನ ಎಂಟನ್ನು ಹೊಡೆದು ಇಪ್ಪತ್ತೇಳು ಬರೆದು ಸಹಿ ಮಾಡಿದರು. ನನಗೆ ಎದೆ ಹಗುರಾಯಿತು.

ಸಹಿಯಾದ ಮೇಲೆ ಕೇಸಿನ ನಂಬರಿನ ಮೇಲೆ ಅವರ ಕಣ್ಣು ಹೋಯಿತು. ನಗು ನಿಂತಿತು. ಕೋಟಿನ ಜೇಬಿನಿಂದ ತಮ್ಮ ಕೇಸುಗಳ ಡೈರಿ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನನ್ನ ಕಿವಿಯ ಹತ್ತಿರ ಬಂದು, "ಸರ್, ಬರಲಾರದ ವಕೀಲ ನಾನ ಅದೀನಿ," ಎಂದರು.

ಆಕೆಗೆ ಇದೇನೂ ತಿಳಿಯದು. ಇವರ ಮುಖವನ್ನು ಅವಳು ಕಂಡೇ ಇರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು ಪರೀಕ್ಷೆಯ ಪ್ರಶ್ನೆಯನ್ನೇ ಕೇಳುವವರ ಹಾಗೆ ಕೇಳಿದರು, "ಈ ಕೇಸಿನ ಮುಂದಿನ ತಾರೀಖು ಯಾವಾಗ ಅದವಾ? ನನ್ನ ಡೈರ್‍ಯಾಗ ಬರಕೊಂಡಿಲ್ಲ."

ಆಕೆ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂಕಾಲು.

"ಇವತ್ತ ಅದರಿ ಸರ್," ಎಂದಳು. "ಸಾಕ್ಷಿ ಬಂದು ಕುಂತಿರತಾನ."