ಗಗನಯಾತ್ರಿಯ ನಡಿಗೆ

ಎಂಬತ್ತನಾಲ್ಕನೇ ಇಸವಿಯಲ್ಲಿ ನಮ್ಮ ದೇಶದ ಪೈಲಟ್ಟೊಬ್ಬರು ರಷ್ಯದವರ ರಾಕೆಟ್ಟು ಹತ್ತಿ ಆಕಾಶಕ್ಕೆ ಹೋಗಿಬಂದರಲ್ಲ, ಆಮೇಲೆ ನಮ್ಮ ಕಡೆ ಅವರ ಚಿತ್ರವಿಲ್ಲದ ಗೋಡೆಯೇ ಉಳಿಯಲಿಲ್ಲ. ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ಅವರು, ಹೋಟೆಲಿನ ಗಲ್ಲಾದ ಮೇಲೆ ಅವರು, ಮಕ್ಕಳ ನೋಟ್‌ಬುಕ್ಕಿನ ರಟ್ಟಿನ ಮೇಲೆ ಅವರು. ತಾಯಲೂರಿನ ಬಳೆ ಅಂಗಡಿಯವನಂತೂ ದೇವರ ಪಟಗಳ ಸಾಲಿನಲ್ಲೇ ನೇತುಹಾಕಿ ಊದುಬತ್ತಿ ಹಚ್ಚುತ್ತಿದ್ದ. ಒಂದು ವಿಷಯ ನಾನು ಗಮನಿಸಲಿಲ್ಲ. ಈ ಚಿತ್ರಗಳಲ್ಲೆಲ್ಲ ಆ ಮಹಾನುಭಾವರು ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಳ್ಳದೆ ಕಂಕುಳಲ್ಲಿ ಇರುಕಿಕೊಂಡಿದ್ದರು. ಯಾಕೆ ಎಂದು ಆಗಲೇ ಯೋಚಿಸಿದ್ದರೆ ನನಗೆ ಆ ಗತಿ ಬರುತ್ತಿರಲಿಲ್ಲ.

ನನ್ನ ಹೆಸರು ಮುನಿಕೃಷ್ಣಪ್ಪ. ಬೆಳಿಗ್ಗೆ ಸಂಜೆ ಡೈರಿಯಲ್ಲಿ ಹಾಲು ಅಳೆಯುತ್ತೇನೆ, ಮಿಕ್ಕ ಹೊತ್ತು ಹೆಂಡತಿ ಗಂಗರತ್ನಮ್ಮನ ಕೈಲಿ ಬೈಸಿಕೊಳ್ಳುತ್ತೇನೆ. ನಮ್ಮಪ್ಪ ‘ರಾಜಪಾರ್ಟು’ ಕೋದಂಡರಾಮಪ್ಪ ಅಂದರೆ ಗಡಿಯಾಚೆಯ ತೆಲುಗಿನವರೂ ಗಾಡಿ ಕಟ್ಟಿಕೊಂಡು ನಾಟಕ ನೋಡಲು ಬರುತ್ತಿದ್ದರು. ಅಂಥವರ ಒಬ್ಬನೇ ಮಗ ನಾನು ನಾಟಕದಲ್ಲಿ ಮಾಡಿದ ಘನಕಾರ್ಯ ಒಂದೇ, ಇಪ್ಪತ್ತೆರಡು ವರ್ಷ ತೆರೆ ಹಿಡಿದಿದ್ದು! ಆ ತುದಿ ಕದಿರಪ್ಪ, ಈ ತುದಿ ನಾನು. ಹನ್ನೆರಡನೇ ವಯಸ್ಸಿನಲ್ಲಿ ಒಮ್ಮೆ ದೂತನ ವೇಷ ಕೊಟ್ಟಿದ್ದರು. ಇದ್ದದ್ದು ಒಂದೇ ಮಾತು. ಅದನ್ನೂ ಮರೆತು, ಸಿಂಹಾಸನದ ಮುಂದೆ ಅಳುತ್ತಾ ನಿಂತೆ. ಅಪ್ಪ ಕಿರೀಟದಲ್ಲೇ ಒಳಗೆ ಬಂದು, “ನಿನ್ ಹಣೇಲಿ ತೆರೆ ಹಿಡಿಯೋದೇ ಬರ್ದದೆ, ಹೋಗ್ಲಾ” ಅಂದಿದ್ದರು. ಆ ಮಾತು ನನ್ನನ್ನು ಬಿಡಲೇ ಇಲ್ಲ.

ಆ ವರ್ಷ ಉಗಾದಿ ಕಳೆದ ಮೇಲೆ ಅಪ್ಪನಿಗೆ ಕೆಮ್ಮು ಹತ್ತಿತು. ಕೋಲಾರದಲ್ಲಿ ಎದೆಯ ಎಕ್ಸ್‌ರೇ ತೆಗೆದರು. ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದು, “ಮನೇಗೆ ಕರ್ಕೊಂಡ್ಹೋಗಿ ಚೆನ್ನಾಗಿ ನೋಡ್ಕೊಳಪ್ಪ” ಅಂದರು. ಆ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತು ಮಾವಿನ ತೋಪು ನೋಡುತ್ತಿದ್ದರು, ನಾನು ಎಕ್ಸ್‌ರೇ ಕವರನ್ನು ತೊಡೆಯ ಮೇಲಿಟ್ಟುಕೊಂಡು ಟಿಕೆಟ್ಟು ನೋಡುತ್ತಿದ್ದೆ.

ಒಂದು ದಿನ ಗಂಗರತ್ನಮ್ಮ ಸೌಟು ಹಿಡಿದುಕೊಂಡೇ ದನದ ಹಟ್ಟಿಗೆ ಬಂದಳು.

“ಅಲ್ರೀ, ಮಾವ ಏನಂದ್ರು ಗೊತ್ತಾ? ‘ನನ್ ಮಗ ಮುಂದ್ ನಿಂತು ಪಾರ್ಟ್ ಮಾಡಿದ್ದ ಒಂದ್ಸಲ ನೋಡಿದ್ರೆ ಸಾಕಿತ್ತು ಕಣಮ್ಮ’ ಅಂದ್ರು. ನಿಮಗೇನಾಗದೆ ದಾಡಿ?”

“ನಂಗೆ ಮಾತು ಮರ್ತೋಗ್ತದೆ ಕಣೇ.”

“ನಾನ್ ಬೈದಿದ್ದು ಹತ್ತು ವರ್ಷ ಆದ್ರೂ ಒಂದಕ್ಷರ ಬಿಡದಂಗೆ ಒಪ್ಪಿಸ್ತೀರಲ್ಲ, ಅದ್ಹೆಂಗೆ ನೆನಪಿರ್ತದೆ? ಎದ್ದೇಳಿ!”

ಎದ್ದೆ. ಹಾರ್ಮೋನಿಯಂ ಮೇಷ್ಟ್ರು ಚನ್ನರಾಯಪ್ಪನವರು ಆಗಸ್ಟ್ ಹದಿನೈದಕ್ಕೆ ಸ್ಕೂಲಿನ ಮೈದಾನದಲ್ಲಿ ಹಗಲು ಹೊತ್ತೇ ಆಡಿಸಲೆಂದು ಗಗನಯಾತ್ರಿಯ ಮೇಲೆ ಹೊಸ ನಾಟಕ ಬರೆದಿದ್ದರು. (ಆಸ್ಥಾನವಿಲ್ಲದ ನಾಟಕ ಅವರಿಗೆ ಬರೆಯಲು ಬರುವುದಿಲ್ಲ. ಆದ್ದರಿಂದ ರಾಕೆಟ್ಟು ಸೀದಾ ಚಂದ್ರದೇವರ ಆಸ್ಥಾನದಲ್ಲಿ ಇಳಿಯುತ್ತಿತ್ತು.) ಅಂಥ ನಾಯಕನ ಪಾತ್ರ ಇನ್ನೂ ಖಾಲಿಯಿತ್ತು. ಕೇಳಿದವರೆಲ್ಲ ಮೂಗು ಮುರಿದಿದ್ದರಂತೆ. “ಹೆಲ್ಮೆಟ್ನೊಳಗೆ ಮುಖಾನೇ ಕಾಣ್ದಿದ್ರೆ ಮುಯ್ಯಿ ಯಾರ್ ಹಾಕ್ತಾರೆ?” ಅಂತ. ನಮ್ಮ ಕಡೆ ಪಾತ್ರ ಚೆನ್ನಾಗಿ ಮಾಡಿದವನಿಗೆ ನೆಂಟರಿಷ್ಟರು ನಾಟಕದ ಮಧ್ಯೆಯೇ ರಂಗದ ಮೇಲೆ ಹತ್ತಿ ಹಾರ ಹಾಕಿ ಉಡುಗೊರೆ ಕೊಡುತ್ತಾರೆ, ಅದೇ ಮುಯ್ಯಿ. ಬೇರೆಯವರು ಬಿಟ್ಟ ಪಾತ್ರ ನನಗೆ ಬಂತು.

ಯೂರಿಯಾ ಚೀಲಗಳನ್ನು ಒಗೆದು, ಒಳಮಗ್ಗುಲು ಮೇಲಾಗುವಂತೆ ಗಂಗರತ್ನಮ್ಮ ಗಗನ ಉಡುಪು ಹೊಲಿದಳು. ಹೆಲ್ಮೆಟ್ಟಿಗೆ, ಮೊರ ಸಾರಿಸುವ ಹಾಗೆ ಮೆಂತ್ಯವನ್ನೂ ಹಳೇ ಕಾಗದವನ್ನೂ ರುಬ್ಬಿ ದೊಡ್ಡ ಮಡಕೆಗೆ ಮೆತ್ತಿ ಒಣಗಿಸಿ, ಆಮೇಲೆ ಮಡಕೆ ಒಡೆದು ತೆಗೆದಳು. ಮುಖದ ಗಾಜಿಗೆ ಏನು ಮಾಡುವುದು ಎಂದು ನಾವು ಜಗಳವಾಡುತ್ತಿದ್ದಾಗ ಅಪ್ಪ ಮಂಚದಿಂದಲೇ, “ನನ್ ಎಕ್ಸ್‌ರೇ ಅದಲ್ಲೋ. ಆವತ್ತು ಗ್ರಹಣ ಅದ್ರಂಥದ್ರಲ್ಲೇ ಅಲ್ವಾ ನೋಡಿದ್ದು?” ಅಂದರು.

“ಬೇಡಪ್ಪ” ಅಂದೆ.

“ಯಾಕ್ಲಾ? ಡಾಕ್ಟ್ರು ನೋಡಾಯ್ತು, ನೀನೂ ನೋಡಾಯ್ತು. ಇನ್ನೇನದೆ ಅದ್ರಲ್ಲಿ?”

ಗಂಗರತ್ನಮ್ಮ ಬಿಸಿನೀರಿಗೆ ಸೋಡಾಪುಡಿ ಹಾಕಿ ಉಜ್ಜಿದಳು. ಕಪ್ಪು ಒಂದಷ್ಟು ಹೋಗಿ ಒಳಗಿಂದ ಹೊರಗೆ ಮಸುಕಾಗಿ ಕಾಣುವಂತಾಯಿತು, ಹೊರಗಿಂದ ಮುಖ ಕಾಣುತ್ತಿರಲಿಲ್ಲ, ಪಕ್ಕೆಲುಬು ನಾಲ್ಕು ಸಣ್ಣಗೆ ಉಳಿದವು. ಇನ್ನೂ ಉಜ್ಜುತ್ತೇನೆಂದಳು. ನಾನೇ ಸಾಕೆಂದೆ.

ಆಮೇಲಿನ ಒಂದು ತಿಂಗಳು ನನ್ನ ಜನ್ಮದ ಭಾಗ್ಯ. ಅಪ್ಪ ದಿನಾ ದಿಂಬಿಗೆ ಒರಗಿ ನನಗೆ ನಡಿಗೆ ಕಲಿಸಿದರು. “ಆಕಾಶದಲ್ಲಿ ತೂಕ ಇರಲ್ವಂತಪ್ಪ, ತೇಲ್ಕೊಂಡು ನಡೀಬೇಕಂತೆ” ಎಂದರೆ, “ತೂಕ ಇಲ್ದಿದ್ರೆ ಅವ್ನೆಂಥಾ ರಾಜಾನೋ? ಎದೆ ಎತ್ತು. ಬಲಗಾಲು ಮೊದ್ಲು. ಭೂಮಿ ನಂದು ಅನ್ನಂಗೆ ಇಡು” ಅನ್ನುತ್ತಿದ್ದರು. ಬೈಯುತ್ತಾ ಕೆಮ್ಮುತ್ತಿದ್ದರು, ಕೆಮ್ಮು ನಿಂತ ಮೇಲೆ ಮತ್ತೆ ಬೈಯುತ್ತಿದ್ದರು. ನನ್ನ ಜೊತೆ ಅವರು ಅಷ್ಟು ಮಾತಾಡಿದ್ದು ನಲವತ್ತು ವರ್ಷದಲ್ಲಿ ಅದೇ ಮೊದಲು.

ಹದಿನೈದನೇ ತಾರೀಕು ಅಪ್ಪನನ್ನು ಎತ್ತಿನ ಗಾಡಿಯಲ್ಲಿ ಹಾಸಿಗೆ ಸಮೇತ ತಂದು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಜೇಬಿನಲ್ಲಿ ಅವರ ಬೆಳ್ಳಿ ಪದಕ. ರಾಜಪಾರ್ಟಿಗೆ ಮುಳಬಾಗಿಲಿನಲ್ಲಿ ಸಿಕ್ಕಿದ್ದು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮಗನಿಗೆ ಮುಯ್ಯಿ ಅದೇ ಎಂದು ಊರಿಗೆಲ್ಲ ಗೊತ್ತಾಗಿತ್ತು.

ಮೊದಲನೇ ಅಂಕ. ಪ್ರವೇಶ ಮಾಡಿದೆ. ಒಳಗೆ ಮೆಂತ್ಯದ ಘಾಟು, ಕುಲುಮೆಯ ಸೆಕೆ, ಕಣ್ಣ ಮುಂದೆ ಅಪ್ಪನ ಪಕ್ಕೆಲುಬು, ಅದರಾಚೆ ಮಸುಕು ಮಸುಕಾಗಿ ಅಪ್ಪ! ನನ್ನ ಪದ್ಯ ನನಗೇ ಗುಡುಗಿನಂತೆ ಕೇಳಿಸಿತೇ ಹೊರತು ಹೊರಗೆ ಹಾರ್ಮೋನಿಯಂ ಎತ್ತ ಹೋಗುತ್ತಿದೆ ಎಂಬುದು ಕೇಳಿಸಲೇ ಇಲ್ಲ. ಮೂರು ಪದ್ಯ ಹಾಡಿ ಒಳಗೆ ಬಂದವನು ಹೆಲ್ಮೆಟ್ಟು ತೆಗೆಯುತ್ತಲೇ ಕಣ್ಣು ಕತ್ತಲೆ ಬಂದು ಕುಸಿದೆ.

ಮುಖಕ್ಕೆ ನೀರು ಬಿದ್ದು ಎಚ್ಚರವಾದಾಗ ಮೈಮೇಲೆ ಯೂರಿಯಾ ಚೀಲವಿರಲಿಲ್ಲ. ಮೇಷ್ಟ್ರು ಅದನ್ನು ಬಿಚ್ಚಿ ಕದಿರಪ್ಪನಿಗೆ ಹಾಕಿ, ಎರಡನೇ ಅಂಕಕ್ಕೆ ಕಳಿಸಿಬಿಟ್ಟಿದ್ದರು.

“ಮೇಷ್ಟ್ರೇ, ನಮ್ಮಪ್ಪ...”

“ಏಮಯ್ಯಾ, ಯಾರಾದ್ರೇನು, ಮುಖ ಕಾಣ್ತದಾ? ಪದ್ಯ ನಾನೇ ಹೇಳ್ಕೊತೀನಿ. ಅಲ್ಲಿ ತೆರೆ ಬಿದ್ದೋಗ್ತಾ ಅದೆ, ಹಿಡ್ಕೊ ಹೋಗು!”

ಹೋಗಿ ಹಿಡಿದೆ. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, ಕಾಲು ತಾನಾಗೇ ಹೋಯಿತು. ಅಷ್ಟರಲ್ಲಿ ಮೈದಾನದಲ್ಲಿ ಸಿಳ್ಳೆ ಎದ್ದಿತು. ಇಬ್ಬರ ಹೆಗಲ ಮೇಲೆ ಕೈಯಿಟ್ಟುಕೊಂಡು ಅಪ್ಪ ಮುಯ್ಯಿ ಹಾಕಲು ರಂಗ ಹತ್ತುತ್ತಿದ್ದರು.

ಕದಿರಪ್ಪ ತೆರೆಯ ಮುಂದೆ, ನಾನು ಹಿಂದೆ, ನಡುವೆ ಒಂದು ಬಟ್ಟೆ. ಅಪ್ಪ ಅವನ ಎದೆಗೆ ಪದಕ ಚುಚ್ಚಿದರು. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೆಮ್ಮು ತಡೆದುಕೊಂಡು, ಮೆಲ್ಲಗೆ ಹೇಳಿದರು: “ಚಿಕ್ಕವ್ನಾಗಿದ್ದಾಗ ನಿಂಗೊಂದ್ ಮಾತಂದ್ಬುಟ್ಟಿದ್ದೆ ಕಣಪ್ಪ. ತಪ್ಪಾಯ್ತು. ಮನಸಲ್ಲಿ ಇಟ್ಕೋಬೇಡ.”

ತೆರೆ ಬಿಟ್ಟು ಮುಂದೆ ಬರಬಹುದಿತ್ತು. ಬಂದಿದ್ದರೆ ಸಾವಿರ ಜನ ನಗುತ್ತಿದ್ದರು, ನಡುವೆ ಅಪ್ಪ ನಿಂತಿರುತ್ತಿದ್ದರು. ನಾನು ತೆರೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ.

ಆಮೇಲೆ ಕದಿರಪ್ಪ ಪದಕ ಬಿಚ್ಚಿ ನನ್ನ ಕೈಗಿಟ್ಟ. “ಅಣ್ಣ, ತಪ್ಪು ತಿಳ್ಕೋಬೇಡ. ತಾತ ಏನೋ ಅಂದ್ರು, ಆ ಹೆಲ್ಮೆಟ್ನೊಳಗೆ ಒಂದ್ ಮಾತೂ ಕೇಳಿಸ್ಲಿಲ್ಲ” ಅಂದ. ಅವನ ಜಾಗದಲ್ಲಿದ್ದಿದ್ದರೆ ನನಗೂ ಕೇಳಿಸುತ್ತಿರಲಿಲ್ಲ ಎಂದು ಹೊಳೆದು ಅವನನ್ನು ತಬ್ಬಿಕೊಂಡೆ. ತೆರೆಯ ಕೆಳಗೆ ನನ್ನ ಪಾದ ನೋಡಿ ಗುರುತು ಹಿಡಿದಿದ್ದ ಗಂಗರತ್ನಮ್ಮ ಆವತ್ತು ಒಂದು ಮಾತೂ ಬೈಯಲಿಲ್ಲ. (ಮದುವೆಯಾದ ಮೇಲೆ ಅದೊಂದೇ ದಿನ.)

ಸಂಜೆ ಅಪ್ಪ ಕೇಳಿದರು, “ಅಲ್ಲಿ ನಾನಂದಿದ್ದು ಕೇಳಿಸ್ತೇನೋ?”

“ಕೇಳಿಸ್ತಪ್ಪ. ಒಂದಕ್ಷರ ಬಿಡದಂಗೆ.”

ಅಪ್ಪ ಕಣ್ಣು ಮುಚ್ಚಿ ತಲೆಯಾಡಿಸಿದರು. ಆಮೇಲೆ, “ಮೊದಲ್ನೇ ಅಂಕದಲ್ಲಿ ಯಾಕ್ಲಾ ಕೋಳಿ ನಡ್ದಂಗೆ ನಡ್ದೆ? ಎರಡ್ನೇದ್ರಲ್ಲಿ ನೋಡು, ಏನ್ ನಡಿಗೆ, ಏನ್ ಗತ್ತು! ಅಲ್ಲಿ ಗೊತ್ತಾಯ್ತು ನಂಗೆ, ಇವ್ನು ನನ್ ಮಗ ಅಂತ” ಅಂದರು.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

ನೋಡಲು ಬಂದವರಿಗೆಲ್ಲ ಅಪ್ಪ ಆ ಎರಡನೇ ಅಂಕದ ನಡಿಗೆಯನ್ನೇ ವರ್ಣಿಸಿದರು. ದಿನೇದಿನೇ ಧ್ವನಿ ಸಣ್ಣಗಾಗುತ್ತಿತ್ತು. ಕಡೆಗೆ, “ಆವತ್ತಿನಂಗೆ ಇನ್ನೊಂದ್ಸಲ ನಡ್ದು ತೋರ್ಸೋ” ಎಂದು ಬೇಡತೊಡಗಿದರು. ಕಾಲು ಉಳುಕಿದೆ ಎಂದು ಕುಂಟುತ್ತಾ ಎಷ್ಟು ದಿನ ತಳ್ಳಲಿ? ಡೈರಿ ಮುಗಿಸಿ ಕದಿರಪ್ಪನ ರೇಷ್ಮೆ ಮನೆಗೆ ಹೋದೆ. ಹುಳು ಮೇಯುವ ತಟ್ಟೆಗಳ ನಡುವೆ ಅವನು ಮುಂದೆ, ನಾನು ಹಿಂದೆ. ನನ್ನ ನಡಿಗೆಯನ್ನು ನಾನು ಕದಿರಪ್ಪನಿಂದ ಆರು ದಿನ ಕಲಿತೆ!

ಏಳನೇ ದಿನ ಗಂಗರತ್ನಮ್ಮ ಅಪ್ಪನ ತಲೆ ಎತ್ತಿ ಹಿಡಿದಳು. ನಾನು ಬಾಗಿಲಿಂದ ಮಂಚದವರೆಗೆ ಎದೆ ಎತ್ತಿ, ಬಲಗಾಲು ಮೊದಲಿಟ್ಟು, ಕಣ್ಣೀರು ಸುರಿಯುತ್ತಿದ್ದರೂ ತಲೆ ಬಗ್ಗಿಸದೆ ನಡೆದೆ. ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಉದ್ದಕ್ಕೂ ನೋಡಿದರು. ತುಟಿ ಅಲ್ಲಾಡಿತು. ಬಗ್ಗಿ ಕಿವಿಗೊಟ್ಟೆ.

“ಪರವಾಗಿಲ್ಲ ಕಣೋ” ಅಂದರು. “ಆದ್ರೆ ಆವತ್ತಿನಂಗೆ ಬರ್ಲಿಲ್ಲ.”

ಅದೇ ಅವರ ಕೊನೆಯ ಮಾತು.