ಸರ್ವರ್ ಪೆಟ್ಟಿಗೆಗೆ ಮದುಮಗಳ ಜಡೆ

ಹೊಳೆನರಸೀಪುರ
ಮೇ ೨೦೦೭

ನಮ್ಮ ಪತ್ತಿನ ಸಹಕಾರ ಸಂಘದ ಅಧ್ಯಕ್ಷರೂ, ವೈರುಗಳಿಗೂ ಜಡೆಯ ಭಾಗ್ಯ ಕರುಣಿಸಿದ ಮೊದಲಿಗರೂ ಆದ ಶ್ರೀಮಾನ್ ಚಂದ್ರಶೇಖರಯ್ಯನವರ ಸನ್ನಿಧಾನಕ್ಕೆ, ಪೇಟೆ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯ ಗೌರೀಶಂಕರ ಕೈಮುಗಿದು ಮಾಡುವ ಬಿನ್ನಹ.

ಮಾನ್ಯರೇ,

ಮೊದಲು ಖರ್ಚಿನ ಬಾಬತ್ತು ಮುಗಿಸಿಬಿಡೋಣ. ಸಂಘದ ಹೊಸ ಸರ್ವರ್ ಪೆಟ್ಟಿಗೆಯ ವೈರುಗಳನ್ನು ಹೇಗೆ ಕಟ್ಟಬೇಕೆಂಬ ತೀರ್ಮಾನಕ್ಕೆ ತಗುಲಿದ್ದು: ಆಡಳಿತ ಮಂಡಳಿಯ ಎರಡು ಸಭೆ, ಉದ್ದಿನವಡೆ ಬೇಕಾದಷ್ಟು, ಹಾಸನದಿಂದ ಬಂದ ಎಂಜಿನಿಯರ್ ಕೇದಾರ್ ಅವರ ತಾಳ್ಮೆ ಪೂರ್ತಿ, ಮತ್ತು ಮದುವೆಯ ದಿನ ನನ್ನ ತಂಗಿಯ ಮಗಳು ಯಶಸ್ವಿನಿಯ ಕೊರಳಲ್ಲಿರಬೇಕಾಗಿದ್ದ ಚಿನ್ನದ ಸರ. ಕಡೆಯ ಬಾಬತ್ತು ಸಂಘದ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಈ ಪತ್ರ.

ಸಭೆಗೆ ಮೂರು ಮಾದರಿ ತಂದಿಟ್ಟವನು ನಾನೇ. ವೈರುಗಳನ್ನು ಒಳಗೆ ಕೂರಿಸಿ ಮುಚ್ಚಳ ಹಾಕುವ ತಗಡಿನ ಪಟ್ಟಿಯನ್ನು ತಾವು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಒಂದು ದೀಪವೂ ಉರಿಯುವುದಿಲ್ಲ, ಇದಕ್ಕೇಕೆ ದುಡ್ಡು ಎಂದು ಪಕ್ಕಕ್ಕಿಟ್ಟಿರಿ. ಎಳೆದರೆ ಬಿಟ್ಟುಕೊಳ್ಳುವ ವೆಲ್ಕ್ರೋ ಪಟ್ಟಿಯನ್ನು ನಿರ್ದೇಶಕ ಲಕ್ಕಯ್ಯನವರು ಚರ್ ಚರ್ ಎನ್ನಿಸಿ, "ಇದು ನಮ್ ಮೊಮ್ಮಗನ ಚಪ್ಲೀಲೂ ಐತೆ ಕಣಯ್ಯ, ಸಂಘದ ಮರ್ವಾದೆ ಏನಾಗ್ಬೇಕು?" ಎಂದರು. ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿದ ಮೇಲೆ ಕತ್ತರಿಸಿಯೇ ತೆಗೆಯಬೇಕೆಂದು ತಿಳಿದದ್ದೇ, ಹೊಸ ಯಂತ್ರದ ಮುಂದೆ ಕತ್ತರಿಯ ಮಾತೇ ಅಪಶಕುನವೆಂದು ಅದೂ ಬಿತ್ತು.

ಆಗ ತಮಗೆ ಹೊಳೆಯಿತು. ನನ್ನ ತಂಗಿ ಶಿವಗಂಗಮ್ಮ ಮದುಮಕ್ಕಳಿಗೆ ಮೊಗ್ಗಿನ ಜಡೆ ಹೆಣೆಯುವುದರಲ್ಲಿ ಹೆಸರಾದವಳು. ಅವಳನ್ನು ಕರೆಸಿ, "ನಮ್ ಮಗ್ಳಿಗೆ ಎಣ್ದಿದ್ಯಲ್ಲ, ಅಂಗೇ ಬಿಗ್ಯಾಗಿ ಎಣಿ ಕಣವ್ವ" ಎಂದು ಅಪ್ಪಣೆಯಿತ್ತಿರಿ. ನೀಲಿ, ಹಳದಿ, ಕೆಂಪು ವೈರುಗಳು ಒಂದರೊಳಗೊಂದು ಸೇರಿ, ತುದಿಯಲ್ಲಿ ಕುಚ್ಚು, ನಡುನಡುವೆ ಮಲ್ಲಿಗೆ! ಉದ್ಘಾಟನೆಯ ದಿನ ನಾನೂ ಚಪ್ಪಾಳೆ ತಟ್ಟಿದೆ. ಕೇದಾರ್ ಒಬ್ಬರೇ, "ಸಾ, ಒಂದು ವೈರ್ ಕೆಟ್ರೂ ಜಡೆ ಪೂರ್ತಿ ಬಿಚ್ಬೇಕಾಗ್ತದೆ" ಎಂದು ಗೊಣಗಿದರು. ಒಳ್ಳೆಯ ದಿನ ಕೆಡುವ ಮಾತೇಕೆಂದು ತಾವು ಅವರ ತಟ್ಟೆಗೆ ಇನ್ನೊಂದು ವಡೆ ಹಾಕಿಸಿದಿರಿ.

ಮದುವೆಯ ಹಿಂದಿನ ದಿನ, ಶನಿವಾರ, ಸಂಘದಲ್ಲಿ ಅಡವಿಟ್ಟಿದ್ದ ಸರ ಬಿಡಿಸಿಕೊಳ್ಳಲು ತಂಗಿ ಅಸಲು ಬಡ್ಡಿ ಸೆರಗಿಗೆ ಕಟ್ಟಿಕೊಂಡು ಬಂದಳು. ದುಡ್ಡಿತ್ತು, ಸರವೂ ಕಣ್ಣೆದುರಿಗಿತ್ತು. ಚಿನ್ನದ ಸಾಲದ ಕಂಪ್ಯೂಟರಿನ ವೈರು ಮಾತ್ರ ಪ್ರಾಣ ಬಿಟ್ಟಿತ್ತು. ಕೈಬರಹದ ರಸೀದಿಯನ್ನು ತಾವೇ ಠರಾವು ಮಾಡಿ ನಿಲ್ಲಿಸಿದ್ದಿರಿ. ಯಾವ ವೈರು ಯಾವುದೆಂಬ ಚೀಟಿಗಳೆಲ್ಲ ಜಡೆಯ ಒಳಗೆ. ಮಗಳಿಗೆ ಜಡೆ ಹೆಣೆಯಬೇಕಾದವಳು ಸಂಘದಲ್ಲಿ ನಿಂತು ತಾನೇ ಹೆಣೆದದ್ದನ್ನು ಬಿಚ್ಚತೊಡಗಿದಳು. "ನಿಧಾನ್ಕೆ ಬಿಚ್ಚವ್ವ, ಬಲು ಚೆಂದಾಗದೆ" ಎಂದು ಲಕ್ಕಯ್ಯನವರ ಪ್ರೋತ್ಸಾಹ ಬೇರೆ. ಅರ್ಧ ಜಡೆ ಬಿಚ್ಚುವಷ್ಟರಲ್ಲಿ ಸಂಘದ ಬಾಗಿಲು ಹಾಕುವ ಹೊತ್ತಾಯಿತು.

ಭಾನುವಾರ ಅರಕಲಗೂಡಿನ ಛತ್ರದಲ್ಲಿ ಬೀಗಗಿತ್ತಿ ಹುಡುಗಿಯ ಬರಿ ಕೊರಳು ನೋಡಿ, "ಸರ ಆಕ್ತೀವಿ ಅಂದಿದ್ರಿ, ಎಲ್ಲವ್ವ?" ಎಂದರು. ಸಂಘದ ಜಡೆಯಲ್ಲಿ ಸಿಕ್ಕಿಕೊಂಡಿದೆಯೆಂದು ತಂಗಿ ನಿಜವನ್ನೇ ಹೇಳಿದಳು. ಅದನ್ನು ನಂಬುವಷ್ಟು ದಡ್ಡರಲ್ಲ ಬೀಗರು, ಮಾರಿಕೊಂಡಿದ್ದಾರೆಂದೇ ತೀರ್ಮಾನಿಸಿದರು. ತಾಳಿ ಕಟ್ಟುವಾಗ ಹುಡುಗಿ ತಲೆ ಎತ್ತಲಿಲ್ಲ. ನಾಚಿಕೆ ಎಂದುಕೊಂಡ ಫೋಟೋದವನು ಅದನ್ನೇ ದೊಡ್ಡದು ಮಾಡಿಸಿದ್ದಾನೆ.

ಆದಕಾರಣ, ಭಾನುವಾರದ ಮುಹೂರ್ತವನ್ನು ಪೂರ್ವಾನ್ವಯವಾಗುವಂತೆ ಸೋಮವಾರಕ್ಕೆ ಮುಂದೂಡಿ ತಾವೊಂದು ಠರಾವು ಮಾಡಬೇಕು. ಸರವಿಲ್ಲದ ಕೊರಳು ತಾಂತ್ರಿಕ ಕಾರಣದಿಂದಾದದ್ದೆಂದು ಸಂಘದ ಮೊಹರು ಒತ್ತಿ ಬೀಗರಿಗೆ ಬರೆದುಕೊಡಬೇಕು.

ಲಾಭದ ಲೆಕ್ಕ ಇಷ್ಟು. ಸಂಘಕ್ಕೆ ತಗಡಿನ ಪಟ್ಟಿಯ ದುಡ್ಡು ಉಳಿಯಿತು. ಲಕ್ಕಯ್ಯನವರ ಮೊಮ್ಮಗನ ಚಪ್ಪಲಿಗೆ ನನ್ನ ವೆಲ್ಕ್ರೋ ಮಾದರಿ ಸಿಕ್ಕಿತು. ನನಗೆ ವ್ಯಾಪಾರ ಆಗಲಿಲ್ಲ. ತಂಗಿಗೆ ಸೋಮವಾರ ಸರ ಸಿಕ್ಕಿತು, ಭಾನುವಾರದ ಬಡ್ಡಿಯನ್ನೂ ಕಟ್ಟಿದ ಮೇಲೆ. ಯಶಸ್ವಿನಿಗೆ ಆಲ್ಬಮ್ ಸಿಕ್ಕಿತು.

ತಮ್ಮ ವಿಶ್ವಾಸಿ, ಸಂಘದ ಷೇರುದಾರನೂ ಹುಡುಗಿಯ ಸೋದರಮಾವನೂ ಆದ,
ಗೌರೀಶಂಕರ

ಮರೆತ ಮಾತು: ಬಿಚ್ಚಿದ ವೈರುಗಳು ನೆಲದ ಮೇಲಿವೆಯೆಂದೂ, ಮತ್ತೆ ಹೆಣೆದುಕೊಡಲು ತಂಗಿಗೆ ಹೇಳಿಕಳಿಸಿದ್ದೀರೆಂದೂ ತಿಳಿಯಿತು. ಖಂಡಿತ ಬರುತ್ತಾಳೆ. ಅದಕ್ಕೆ ಮೊದಲು ತಮ್ಮ ಮನೆಯವರ ಕೊರಳಿನ ಸರವನ್ನು ಸಂಘದಲ್ಲಿ ಅಡವಿಡಬೇಕೆಂಬುದೊಂದೇ ಅವಳ ಷರತ್ತು.